ಇಂಟರ್ನೆಟ್ ಫೋನ್ ಇದ್ದವರು ಇವತ್ತೇ ನಿಮ್ಮ ವಿಳಾಸ ನೋಡಿಕೊಳ್ಳಿ
ಮನೆಯಲ್ಲೋ ಆಫೀಸಿನಲ್ಲೋ ಇಂಟರ್ನೆಟ್ ಮೂಲಕ ಓಡುವ ಫೋನ್ ಇದ್ದರೆ ದಯವಿಟ್ಟು ಇದನ್ನು ಓದಿ. ಹಳೆಯ ತಾಮ್ರದ ತಂತಿಯ ಫೋನಿಗೆ ಒಂದೇ ಜಾಗ. ತುರ್ತು ಕರೆ ಮಾಡಿದರೆ ಎಲ್ಲಿಂದ ಅಂತ ಗೊತ್ತಾಗುತ್ತಿತ್ತು. ಇಂಟರ್ನೆಟ್ ಫೋನ್ ಹಾಗಲ್ಲ. ಅದನ್ನು ಬೇರೆ ಊರಿಗೆ ಒಯ್ದು ಪ್ಲಗ್ ಹಾಕಿದರೂ ಅದೇ ನಂಬರ್ ನಡೆಯುತ್ತದೆ. ಎಷ್ಟೋ ಸೇವೆಗಳಲ್ಲಿ ತುರ್ತು ಕರೆ ಯಾವ ಕೇಂದ್ರಕ್ಕೆ ಹೋಗಬೇಕು ಅನ್ನೋದು ನೀವು ಬರೆಸಿದ ವಿಳಾಸದ ಮೇಲೆಯೇ ನಿಂತಿರುತ್ತದೆ.

ನಾನು ಮನೆ ಬದಲಿಸಿ ತಿಂಗಳುಗಳಾದ ಮೇಲೆ ಫೋನ್ ಸೇವೆಯ ಖಾತೆ ತೆರೆದು ನೋಡಿದೆ. ಹಳೆ ಮನೆಯ ಬಾಗಿಲ ನಂಬರೇ ಕೂತಿತ್ತು! ಎದೆ ಧಸಕ್ ಅಂತು. ಆಂಬುಲೆನ್ಸ್ ಅಲ್ಲಿಗೆ ಹೋಗಿಬಿಡುತ್ತಿತ್ತು, ಅಲ್ವಾ? ವಿಳಾಸ ಬದಲಿಸುವಾಗ ಮಹಡಿ, ಕೋಣೆ ನಂಬರ್ ಕೂಡ ಬರೆಯಿರಿ.

ಆಫೀಸಿನಲ್ಲಿ ಹೊರಗಿನ ಕರೆಗೆ ಮೊದಲು 9 ಒತ್ತಬೇಕೇ? ತುರ್ತು ನಂಬರಿಗೂ ಒತ್ತಬೇಕಾ ಅಂತ ಕೇಳಿಕೊಳ್ಳಿ. 2013ರಲ್ಲಿ ಅಮೆರಿಕದ ಒಂದು ಮೋಟೆಲ್ ಕೋಣೆಯಲ್ಲಿ, ಅಮ್ಮನ ಮೇಲೆ ಹಲ್ಲೆಯಾಗುತ್ತಿದ್ದಾಗ, 9 ವರ್ಷದ ಮಗು 4 ಸಲ ಅಲ್ಲಿನ ತುರ್ತು ನಂಬರ್ 911 ಒತ್ತಿತು. ಮೊದಲು ಇನ್ನೊಂದು 9 ಒತ್ತಬೇಕಿತ್ತು, ಪಾಪ ಅದಕ್ಕೆ ಗೊತ್ತಿರಲಿಲ್ಲ. ಕರೆ ಹೋಗಲೇ ಇಲ್ಲ. ನೇರವಾಗಿ ಒತ್ತಿದರೆ ಸಾಕು ಅನ್ನೋ ಕಾನೂನು ಅಲ್ಲಿ 2018ರಲ್ಲಿ ಬಂತು.

ಇನ್ನೊಂದು, ಕರೆಂಟ್. ರೂಟರಿನ ದೀಪ ಆರಿದರೆ ಫೋನೂ ಸತ್ತ ಹಾಗೆ. ರೂಟರಿಗೆ, ಫೋನಿನ ಅಡಾಪ್ಟರಿಗೆ ಚಿಕ್ಕ ಯುಪಿಎಸ್ ಇಡಿ, ಮೊಬೈಲ್ ಚಾರ್ಜ್ ಆಗಿರಲಿ.

ಪರೀಕ್ಷೆ ಮಾಡೋಣ ಅಂತ ಸುಮ್ನೆ ತುರ್ತು ನಂಬರಿಗೆ ಕರೆ ಮಾಡಬೇಡಿ. ಸೇವೆ ಕೊಡುವವರನ್ನೇ ಕೇಳಿ. ನಿಜವಾಗಿ ಕರೆ ಮಾಡಿದಾಗ ಮೊದಲ ಮಾತೇ ವಿಳಾಸವಾಗಿರಲಿ.