ಉಲ್ಹಾಸ್ ನದಿಯ ಕಣಿವೆ ಹಿಡಿದು ಕೊಂಡಾಣೆ ಗುಹೆಗೆ ಹೋಗುವುದು ಹೇಗೆ?

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. ಪುಣೆಯಲ್ಲಿ ಕೊಂಢಾಣಾ ಅಂದರೆ ಸಿಂಹಗಡ, ಅದು ಆ ಕೋಟೆಯ ಹಳೇ ಹೆಸರು. ನಾವು ಹೋಗಬೇಕಾದ್ದು ಮುಂಬೈ-ಪುಣೆ ರೈಲು ದಾರಿಯ ಕರ್ಜತ್ ಹತ್ತಿರದ ಕೊಂಡಾಣೆಗೆ. ರಾಜಮಾಚಿ ಬೆಟ್ಟದ ಮಗ್ಗುಲಲ್ಲಿ ಬೌದ್ಧ ಭಿಕ್ಷುಗಳು ಉಳಿಯೋಕೆ ಅಂತ ಸುಮಾರು 2,000 ವರ್ಷದ ಹಿಂದೆ ಬಂಡೆಯನ್ನೇ ಕೊರೆದು ಮಾಡಿದ ಮನೆಗಳು ಅಲ್ಲಿವೆ. ದಾರಿ ಕೇಳುವಾಗ 'ಲೇಣಿ' ಅನ್ನಿ, ಮರಾಠಿಯಲ್ಲಿ ಕೊರೆದ ಗುಹೆಗೆ ಹಾಗನ್ನುತ್ತಾರೆ, ಊರವರ ಬಾಯಲ್ಲಿ ಇರೋದು ಅದೇ ಮಾತು.

ಹೋಗೋಕೆ ಒಳ್ಳೇ ಕಾಲ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಮುಂಬೈಯವರು ಬೆಳಗಿನ ಕರ್ಜತ್ ಲೋಕಲ್ ರೈಲು ಹಿಡಿಯಿರಿ. ಪುಣೆಯವರು ಕರ್ಜತ್‌ನಲ್ಲಿ ನಿಲ್ಲುವ ಗಾಡಿ ನೋಡಿಕೊಳ್ಳಿ. ಸ್ಟೇಷನ್ನಿನಿಂದ ಕೊಂಡಿವಡೆ ಹಳ್ಳಿಗೆ ರಿಕ್ಷಾ ಮಾಡಿ, ಹತ್ತೋ ಮುಂಚೆ ಬಾಡಿಗೆ ಮಾತಾಡಿ, ವಾಪಸ್ ಬರೋಕೆ ರಿಕ್ಷಾದವರ ನಂಬರ್ ಬರೆದುಕೊಳ್ಳಿ. ತಲಾ ಎರಡು ಲೀಟರ್ ನೀರು ಬೇಕು. ಊಟಕ್ಕೆ ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯುತ್ತೇವೆ, ಕೆಡುವ ಚಿಂತೆಯೇ ಇಲ್ಲ.

ಹಳ್ಳಿ ದಾಟಿದರೆ ಕಾಡು ಶುರು. ಗುಹೆಗೆ ಒಂದು, ಒಂದೂವರೆ ಗಂಟೆ ನಡಿಗೆ, ಮಧ್ಯೆ ಹಳ್ಳಗಳನ್ನು ದಾಟಬೇಕು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡುವುದಕ್ಕಿಂತ ನೀರೊಳಗೇ ಕಾಲಿಟ್ಟು ನಡೆಯುವುದು ಎಷ್ಟೋ ಮೇಲು. ಒಂದು ಜುಲೈಯಲ್ಲಿ ನಾನು, ನನ್ನ ಅಕ್ಕನ ಮಗ ಹೋಗಿದ್ದೆವು. ಹೋಗುವಾಗ ಪಾದ ಮುಳುಗುವಷ್ಟೇ ಇದ್ದ ಹಳ್ಳ ಬರುವಾಗ ತೊಡೆಯವರೆಗೆ ಏರಿತ್ತು, ನಮ್ಮ ತಲೆ ಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ. 'ಮಾಮಾ, ಓಡಿ ದಾಟೋಣ' ಅಂದ ಹುಡುಗನ ಕೈ ಬಿಗಿಯಾಗಿ ಹಿಡಿದು ಎರಡು ಗಂಟೆ ದಡದಲ್ಲೇ ಕೂತೆ. ನೀರು ಕೆಂಪಾಗಿ, ಎಲೆ ಕಡ್ಡಿ ತೇಲಿ ಬರುತ್ತಿದ್ದರೆ ಮೇಲೆ ಬೆಟ್ಟದಲ್ಲಿ ಮಳೆ ಸುರಿದಿದೆ ಅಂತಲೇ ತಿಳಿಯಿರಿ. ಮೊಣಕಾಲು ದಾಟಿದ ನೀರಿಗೆ ಇಳಿಯಲೇಬೇಡಿ.

ಗುಹೆ ತಲುಪಿದ ಮೇಲೆ ಸುಮ್ನೆ ಫೋಟೊ ತೆಗೆದು ತಿರುಗಬೇಡಿ. ಮುಖ್ಯ ಚೈತ್ಯದ, ಅಂದರೆ ಪೂಜೆಯ ಗುಹೆಯ, ಕಮಾನು ನೋಡಿ: ಕಲ್ಲಿನಲ್ಲಿ ಮರದ ತೊಲೆ, ಜಾಲರಿ ಎಲ್ಲ ಕೆತ್ತಿದ್ದಾರೆ, ಬಡಗಿಯ ಕೆಲಸ ಕಂಡಿದ್ದ ಕೈಗಳೇ ಉಳಿ ಹಿಡಿದಿರಬೇಕು ಅನ್ನಿಸುತ್ತದೆ. ಎಡಕ್ಕೆ ಒಡೆದುಹೋದ ಒಂದು ಶಿಲ್ಪದ ತಲೆ ಇದೆ, ಅದರ ಪಕ್ಕ ಬ್ರಾಹ್ಮಿ ಅಕ್ಷರ. 'ಕಣ್ಹನ ಶಿಷ್ಯ ಬಲಕ ಮಾಡಿದ್ದು' ಅಂತ ಅದರರ್ಥ. ಅಷ್ಟೇ. ಒಬ್ಬ ಶಿಷ್ಯ ಗುರುವಿನ ಹೆಸರನ್ನು ಮುಂದಿಟ್ಟು ತನ್ನ ಹೆಸರು ಬರೆದಿದ್ದಾನೆ, ಪ್ರತಿ ಸಲ ಅದರ ಮುಂದೆ ನಿಂತಾಗ ನನಗೆ ಗಂಟಲು ಕಟ್ಟುತ್ತದೆ.

ಆಮೇಲೆ ಪಕ್ಕದ ವಿಹಾರಕ್ಕೆ, ಅಂದರೆ ಭಿಕ್ಷುಗಳು ಉಳಿಯುತ್ತಿದ್ದ ಗುಹೆಗೆ, ಹೋಗಿ. ಸುತ್ತ ಪುಟ್ಟ ಪುಟ್ಟ ಕೋಣೆಗಳು, ಒಳಗೆ ಕಲ್ಲಿನದೇ ಮಂಚ. ಮಳೆಗಾಲದಲ್ಲಿ ಭಿಕ್ಷುಗಳು ಊರೂರು ತಿರುಗುವುದು ಬಿಟ್ಟು ಒಂದೇ ಕಡೆ ಉಳಿಯುತ್ತಿದ್ದರು ಅಲ್ವಾ, ಆ ತಂಪು ಕತ್ತಲಲ್ಲಿ ಹತ್ತು ನಿಮಿಷ ಮಾತಿಲ್ಲದೆ ಕೂತರೆ ಯಾಕೆ ಅಂತ ಗೊತ್ತಾಗುತ್ತದೆ. ಗೋಡೆ ಮುಟ್ಟಬೇಡಿ, ಹೆಸರು ಕೆತ್ತಬೇಡಿ.

ಮೂರು ಗಂಟೆಗೆ ಇಳಿಯೋಕೆ ಶುರು ಮಾಡಿ. ಕಣಿವೆಯಲ್ಲಿ ಕತ್ತಲು ಬೇಗ ಇಳಿಯುತ್ತದೆ, ಬೆಳಕಿದ್ದಾಗಲೇ ಕೊನೆಯ ಹಳ್ಳ ದಾಟಿರಬೇಕು.