ಸ್ಕಾಟ್ಲೆಂಡಿನ ಪ್ಲಾಂಟೇಶನ್‌ನಲ್ಲಿ ಒಂದು ರಾತ್ರಿ ಟೆಂಟ್ ಹಾಕೋದು ಹೇಗೆ

ಮೊದ್ಲು ಕಾನೂನಿನ ವಿಷ್ಯ. ಊರಲ್ಲಿ ರಿಸರ್ವ್ ಫಾರೆಸ್ಟ್ ಒಳಗೆ ಪರ್ಮಿಷನ್ ಇಲ್ದೆ ಹೋಗಿ ಮಲಗಿದ್ರೆ ಕೇಸ್ ಆಗತ್ತೆ, ಆ ಭಯ ಇಲ್ಲಿ ಬೇಡ. 2003ರ ಲ್ಯಾಂಡ್ ರಿಫಾರ್ಮ್ ಕಾಯ್ದೆ, ಅದರಡಿ ಬಂದ ಆಕ್ಸೆಸ್ ಕೋಡ್ ಪ್ರಕಾರ ಪ್ಲಾಂಟೇಶನ್ (ಅಂದ್ರೆ ಮರಕ್ಕಂತ ನೆಟ್ಟು ಬೆಳೆಸಿದ ಕಾಡು) ಸರ್ಕಾರದ್ದಿರ್ಲಿ ಖಾಸಗಿಯವ್ರದ್ದಿರ್ಲಿ, ಚಿಕ್ಕ ಟೆಂಟ್, ಕೆಲವೇ ಜನ, ಒಂದು ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚು ಇರಲ್ಲ ಅಂದ್ರೆ ಯಾರನ್ನೂ ಕೇಳ್ಬೇಕಾಗಿಲ್ಲ. ಲಾಕ್ ಲೋಮಂಡ್ ನ್ಯಾಷನಲ್ ಪಾರ್ಕಿನ ಕೆಲವು ಸರೋವರದ ದಂಡೆಗಳಿಗೆ ಮಾತ್ರ ಮಾರ್ಚಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು. ಕಾರನ್ನ ಫಾರೆಸ್ಟ್ ಗೇಟಿಗೆ ಅಡ್ಡ ನಿಲ್ಲಿಸ್ಬೇಡಿ, ಲಾರಿ ಬರತ್ತೆ.

ಇನ್ನು ಜಾಗ, ನನ್ನ ಪ್ರಕಾರ ಮುಕ್ಕಾಲು ಕೆಲ್ಸ ಇದೇ. ಇಲ್ಲಿ ಪ್ಲಾಂಟೇಶನ್ ಅಂದ್ರೆ ಹೆಚ್ಚಾಗಿ ಸಿಟ್ಕಾ ಸ್ಪ್ರೂಸ್ ಅನ್ನೋ ಸೂಜಿ ಎಲೆಯ ಮರ, ನಮ್ಮ ಶಿವಮೊಗ್ಗ ಕಡೆ ಅಕೇಶಿಯಾ ಸಾಲು ನೆಟ್ಟಿರ್ತಾರಲ್ಲ ಹಂಗೇ, ಆದ್ರೆ ಒಳಗೆ ಕತ್ತಲು ಜಾಸ್ತಿ. ಮ್ಯಾಪಲ್ಲಿ ಹಸಿರು ಕಂಡ್ತು ಅಂತ ನುಗ್ಬೇಡಿ, ನೆಡುವಾಗ ಉಳುಮೆ ಮಾಡಿದ ಸಾಲು ಎಷ್ಟೋ ಕಡೆ ಹಾಗೇ ಉಳ್ದಿರತ್ತೆ, ತಗ್ಗಲ್ಲಿ ನೀರು, ದಿಣ್ಣೆ ಮೇಲೆ ಬೇರು, ಬೆನ್ನು ಚಾಚೋಕೆ ಒಂದಡಿ ಮಟ್ಟಸ ಜಾಗ ಸಿಗಲ್ಲ. ನಮ್ಮಲ್ಲಿ ಬೆಂಕಿ ರೇಖೆ ಅಂತೀವಲ್ಲ, ಆ ಥರ ಮಧ್ಯೆ ಬಿಟ್ಟಿರೋ ಬಯಲು ಪಟ್ಟಿ ನೋಡಿ. ಇಲ್ಲಾ ಲಾರ್ಚ್ ಮರ ಇರೋ ಕಡೆ, ಅದು ಚಳಿಗಾಲಕ್ಕೆ ಎಲೆ ಉದುರಿಸತ್ತೆ, ಬೆಳಕು ಬಿದ್ದು ಕೆಳಗೆ ಹುಲ್ಲಿರತ್ತೆ. ಹಳೇ ಕುರಿದೊಡ್ಡಿಯ ಕಲ್ಲುಗೋಡೆ ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ.

ಈಗಷ್ಟೇ ಕಡಿದಿರೋ ಬಯಲಿನ ಅಂಚಲ್ಲಿ ಮಾತ್ರ ದಯವಿಟ್ಟು ಮಲಗ್ಬೇಡಿ. ಇಷ್ಟು ವರ್ಷ ಪಕ್ಕದ ಮರಗಳ ಆಸರೆಯಲ್ಲಿ ನಿಂತ ಮರಕ್ಕೆ ಮೊದಲ್ನೇ ಸಲ ಗಾಳಿ ನೇರ ಹೊಡೆಯತ್ತೆ. ದಕ್ಷಿಣ ಸ್ಕಾಟ್ಲೆಂಡಿನ ಗ್ಯಾಲೋವೇಲಿ ಬುಡಮೇಲಾದ ಒಂದು ಸ್ಪ್ರೂಸ್ ನೋಡಿದೆ, ಬುಡ ನನಗಿಂತ ಎತ್ತರಕ್ಕೆ ಗೋಡೆ ಥರ ಎದ್ದು ನಿಂತಿತ್ತು, ದಪ್ಪ ಒಂದು ಮೊಳನೂ ಇಲ್ಲ, ಬೇರೆಲ್ಲಾ ರೊಟ್ಟಿ ತಟ್ಟಿದ ಹಾಗೆ ಅಗಲಕ್ಕೇ ಹರಡಿತ್ತು. ಗಾಳಿ ಜೋರಿದೆ ಅಂತ ಫೋರ್‌ಕಾಸ್ಟ್ ಇದ್ರೆ ಆ ವಾರ ಬಿಟ್ಬಿಡಿ. ಮರ ಕಡಿಯೋ ಕೆಲ್ಸದ ಬೋರ್ಡ್ ಇದ್ರೆ ಆ ಕಡೆನೂ ಬೇಡ, ಪೇರಿಸಿಟ್ಟ ದಿಮ್ಮಿ ಮೇಲೆ ಮಕ್ಕಳನ್ನ ಹತ್ತಿಸ್ಬೇಡಿ, ಉರುಳತ್ತೆ.

ಬೆಂಕಿ ಹಾಕ್ಲೇಬೇಡಿ. ಕೆಳಗಿರೋದು ಎಷ್ಟೋ ಕಡೆ ಪೀಟ್, ಅಂದ್ರೆ ಅರೆಕೊಳೆತ ಗಿಡಗಳಿಂದಾದ ಉರಿಯೋ ಮಣ್ಣು, ಮೇಲೆ ಆರಿಸಿದ್ರೂ ಒಳಗೊಳಗೇ ಹೊಗೆಯಾಡ್ತಾ ಹೋಗತ್ತೆ. ಗ್ಯಾಸ್ ಸ್ಟವ್ ಮೇಲೆ ನೀರು ಕುದಿಸಿ ಉಪ್ಪಿಟ್ಟು ಮಿಕ್ಸ್ ಹಾಕಿದ್ರೆ ಊಟ ಆಯ್ತು. ತೊರೆ ನೀರಾದ್ರೂ ಕುದಿಸೇ ಕುಡೀರಿ. ಟಾಯ್ಲೆಟ್ಟಿಗೆ ನೀರಿಂದ 30 ಮೀಟರ್ ಆದ್ರೂ ದೂರ ಹೋಗಿ, ಗುಂಡಿ ತೆಗೆದು ಮುಚ್ಚಿ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೂ ಮಿಡ್ಜ್ ಅನ್ನೋ ಸಣ್ಣ ನೊಣ ಮುತ್ಕೊಳ್ಳತ್ತೆ, ತಲೆಗೆ ಹಾಕೋ ಬಲೆ ಇಲ್ದೆ ಹೋಗ್ಲೇಬೇಡಿ, ಸ್ವಲ್ಪ ಗಾಳಿಯಾಡೋ ಜಾಗದಲ್ಲಿ ಕಾಟ ಕಮ್ಮಿ. ಮಲೆನಾಡಿನ ಥರ ಇಂಬಳದ ಕಾಟ ಇಲ್ಲ, ಆದ್ರೆ ಉಣುಗು ಇದೆ. ಮಂಗನ ಕಾಯಿಲೆ ಊರಿಂದ ಬಂದೋರಿಗೆ ಉಣುಗು ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ, ಇಲ್ಲಿ ಅದ್ರಿಂದ ಬರೋದು ಲೈಮ್ ಕಾಯಿಲೆ. ಮರಿ ಗಸಗಸೆ ಕಾಳಿನಷ್ಟಿರತ್ತೆ, ಮಂಡಿ ಹಿಂದೆ, ಕಂಕುಳು, ತೊಡೆ ಸಂದಿ ಎಲ್ಲಾ ಟಾರ್ಚ್ ಬಿಟ್ಟು ನೋಡ್ಕೊಳ್ಳಿ. ಕಚ್ಕೊಂಡಿದ್ರೆ ಉಣುಗು ಕೀಳೋ ಟಿಕ್ ರಿಮೂವರಿಂದ ಬುಡ ಹಿಡಿದು ನಿಧಾನಕ್ಕೆ ಕೀಳಿ, ಎಣ್ಣೆ ಬೆಂಕಿ ಏನೂ ತಾಗಿಸ್ಬೇಡಿ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಹರಡ್ತಾ ಬಂದ್ರೆ ಜಿಪಿ, ಅಂದ್ರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ರ ಹೋಗಿ ಕಾಡಲ್ಲಿ ಮಲಗಿದ್ದೆ ಅಂತ ಹೇಳಿ.