ಏಷ್ಯಾಕ್ಕೇ ಮೊದಲು: ಯಾರು ಹೇಳಿದರು?

ಗದಗ ತಾಲೂಕಿನ ನಮ್ಮ ಹೈಸ್ಕೂಲಿನಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ಸಮಾಜ ವಿಜ್ಞಾನ ಕಲಿಸುವ ನನ್ನ ಕೈಗೇ ಪುಸ್ತಕದ ಕಪಾಟಿನ ಕೀಲಿ ಬಂತು. ಪ್ರಾರ್ಥನೆಯ ಹೊತ್ತಿಗೆ ‘ಓದಿರಿ, ಓದಿರಿ’ ಎಂದು ಭಾಷಣ ಮಾಡುವುದು ನನಗೆ ಒಗ್ಗದು. ಅದನ್ನು ಕೇಳಿ ಓದಲು ಕೂತವರನ್ನು ನಾನಂತೂ ಕಂಡಿಲ್ಲ. ಅದಕ್ಕೇ ನಮ್ಮ ತಾಲೂಕಿನದೇ ಊರಾದ ಕಣಗಿನಹಾಳದ ಬಗ್ಗೆ ಮಕ್ಕಳೆಲ್ಲ ಕಣ್ಣುಮುಚ್ಚಿ ನಂಬಿದ ಒಂದು ಮಾತನ್ನು ಬೋರ್ಡಿನ ಮೇಲೆ ಬರೆದೆ: ‘ಕಣಗಿನಹಾಳದ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದು.’ ಕೆಳಗೆ ಮೂರು ಪ್ರಶ್ನೆ. ಯಾರು ಹೇಳಿದರು? ಯಾವಾಗ? ಅವರಿಗೆ ಹೇಗೆ ಗೊತ್ತು?

“ಸರ್ರೀ, ಗೂಗಲ್‌ನ್ಯಾಗೂ ಹಂಗ ಐತ್ರಿ. ಮತ್ತ್ಯಾಕ ಹುಡುಕೂದ್ರಿ?” ಎಂದಳು ಒಬ್ಬ ಹುಡುಗಿ.

“ಗೂಗಲ್‌ಗೆ ಯಾರು ಹೇಳ್ಯಾರವ್ವಾ, ಅದನ್ನ ಹುಡುಕು.”

ಹುಡುಕಿದರು. ಜಾಲತಾಣ ಬೇರೆ ಬೇರೆ, ವಾಕ್ಯ ಮಾತ್ರ ಅದೇ. ಕಾಗುಣಿತದ ತಪ್ಪೂ ಅದೇ! ಇವು ಹತ್ತು ಸಾಕ್ಷಿಯಲ್ಲ, ಒಬ್ಬನನ್ನು ನೋಡಿ ಉಳಿದವರು ಬರೆದದ್ದು ಎಂದು ಅವರಿಗೇ ಹೊಳೆಯಿತು. ನನ್ನ ಪಾಠದ ಮುಕ್ಕಾಲು ಪಾಲು ಅಲ್ಲಿಗೇ ಮುಗಿದಿತ್ತು.

ಆಮೇಲೆ ಪುಸ್ತಕಕ್ಕೆ ಕೈಹಾಕಿದರು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿದ್ದು 1905ರಲ್ಲಿ, ಅದಕ್ಕೆ ದಾರಿ ಮಾಡಿದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ. ಅತ್ತ ತಮಿಳುನಾಡಿನ ತಿರೂರು 1904ನ್ನೇ ತೋರಿಸಿ ದೇಶದಲ್ಲಿ ತಾನೇ ಮೊದಲು ಎನ್ನುತ್ತದೆ. ಜಪಾನಿನಲ್ಲಂತೂ ಸಹಕಾರ ಸಂಘಗಳಿಗೆ 1900ರಲ್ಲೇ ಕಾನೂನು ಬಂದಿತ್ತು. ಕೊನೆಗೆ ಬೋರ್ಡಿನ ವಾಕ್ಯವನ್ನು ಮಕ್ಕಳೇ ತಿದ್ದಿದರು: ‘1904ರ ಕಾಯ್ದೆಯಡಿ ದೇಶದಲ್ಲಿ ಮೊಟ್ಟಮೊದಲು ಹುಟ್ಟಿದ ಸಂಘಗಳಲ್ಲಿ ಒಂದು.’

“ನಮ್ಮ ಕಡೀದು ಹೆಸರ ಸಣ್ಣದಾತಲ್ರಿ ಸರ,” ಎಂದು ಒಬ್ಬ ಮುಖ ಊದಿಸಿದ. ನನಗೆ ಹಾಗನ್ನಿಸಲಿಲ್ಲ. ಮಳೆ ನಂಬಿದ ಊರೊಂದರ ರೈತರು ಕಾಯ್ದೆ ಬಂದ ಮರುವರ್ಷವೇ ಒಂದಾದರಲ್ಲ, ಅದು ಕಡಿಮೆಯೇ?

ಗ್ರಂಥಪಾಲಕರ ಕೆಲಸದ ರುಚಿ ಹತ್ತಿದ್ದೂ ಈ ಹುಡುಕಾಟದಲ್ಲೇ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಸಹಕಾರ 334, ಭಾರತದ ಇತಿಹಾಸ 954. ಒಂದೇ ಪ್ರಶ್ನೆಗೆ ಎರಡು ಕಪಾಟು ತಡಕಬೇಕು. ಬೆನ್ನಿಗೆ ಚೀಟಿ ಅಂಟಿಸಿ ಪುಸ್ತಕ ಜೋಡಿಸಿದ್ದು, ರಿಜಿಸ್ಟರ್ ಬರೆದದ್ದು ಎಲ್ಲ ಮಕ್ಕಳೇ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು ಎಂದಾಗ ಗಣಿತದಲ್ಲಿ ಜಾಣನಾದ ಹುಡುಗನೊಬ್ಬ ಕಿವಿ ನಿಮಿರಿಸಿದ. ಡಿಗ್ರಿ ಆದಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಗ್ರಂಥಾಲಯ ವಿಜ್ಞಾನ ಓದಬಹುದು ಎಂದು ಪಾಲಕರ ಸಭೆಯಲ್ಲೂ ಹೇಳುತ್ತಿರುತ್ತೇನೆ. ನೌಕರಿ ಸಿಗುತ್ತದೆಯೇ ಎಂದು ಕೇಳುತ್ತಾರೆ. ಹುದ್ದೆಗಳು ಕಡಿಮೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಈಗಿನ ಪ್ರಶ್ನೆ ಮಕ್ಕಳೇ ತಂದದ್ದು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ಖರೆಯೇ? ಹಕ್ಕಿಗಳ 598ರಲ್ಲಿ ನಮ್ಮಲ್ಲಿ ಒಂದೂ ಪುಸ್ತಕವಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಗದಗಿನ ಗ್ರಂಥಾಲಯಕ್ಕೆ ಹೊರಟಿದ್ದೇವೆ.